ಕರೆಂಟು ಇರುವವರೆಗಿನ ನೆನಪು

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ನಾನು ನೂರಾರು ಸಲ ಟೈಪ್ ಮಾಡಿದ್ದೇನೆ, ಒಮ್ಮೆಯೂ ಓದಿಲ್ಲ. ನನ್ನ ಕಸುಬೇ ಹಾಗೆ. ರಾಬರ್ಟ್‌ಸನ್‌ಪೇಟೆಯ ಟೈಪಿಂಗ್ ಮೇಷ್ಟ್ರು ಬೆನ್ನಿಗೆ ಸ್ಕೇಲಿನಿಂದ ತಟ್ಟಿ, "ಅರ್ಥ ಹುಡುಕಬೇಡಯ್ಯ, ಸ್ಪೀಡು ಸತ್ತುಹೋಗುತ್ತೆ" ಎನ್ನುತ್ತಿದ್ದರು. ಗುರುವಿನ ಮಾತು ಮೀರದೆ, ಅಲ್ಲಿನ ಚಿನ್ನದ ಗಣಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಯಾರ್ಯಾರದೋ ಬಡ್ತಿ, ಯಾರ್ಯಾರದೋ ಸಾವು, ಎಲ್ಲವನ್ನೂ ಒಂದೇ ವೇಗದಲ್ಲಿ ಕುಟ್ಟಿದೆ. ಕೆಲಸ ಬಿಟ್ಟು ಹೆಂಡತಿಯ ಊರಾದ ಬಂಗಾರಪೇಟೆಗೆ ಬಂದ ಮೇಲೆ, ಅರ್ಜಿ ಬರೆದುಕೊಡಲೆಂದು ಒಂದು ಹಳೆಯ ಕಂಪ್ಯೂಟರ್ ತಂದೆ.

ಬರೆದದ್ದನ್ನು ಉಳಿಸಲು ಅದಕ್ಕೆ ಫ್ಲಾಪಿ ಡಿಸ್ಕೇ ಗತಿ. ಒಂದು ಪುಟ ಉಳಿಸಲು ಗೊರಗೊರ ಎಂದು ಅದು ಕ್ಯಾಕರಿಸಿ ಮುಗಿಸುವಷ್ಟರಲ್ಲಿ ನನ್ನ ಕಾಫಿ ಮುಗಿಯುತ್ತಿತ್ತು. ನನ್ನಂಥ ಸ್ಪೀಡಿನವನಿಗೆ ಅವಮಾನವಲ್ಲವೇ? ಯಾವುದೋ ಪುಸ್ತಕ ನೋಡಿ ಉಪಾಯ ಕಲಿತೆ. ಕಂಪ್ಯೂಟರಿನ ಮೆಮೊರಿಯಲ್ಲೇ ಒಂದು ಮೂಲೆ ಬೇರೆ ಮಾಡಿ, ಅದನ್ನೇ ಡಿಸ್ಕು ಎಂದು ನಂಬಿಸುವುದು. ಬರೆದದ್ದು ರೆಪ್ಪೆ ಬಡಿಯುವುದರೊಳಗೆ ಉಳಿಯುತ್ತದೆ. ಕರೆಂಟು ಹೋದರೆ ಮಾತ್ರ ಎಲ್ಲವೂ ಹೋಯಿತು, ಅಷ್ಟರೊಳಗೆ ಫ್ಲಾಪಿಗೆ ಇಳಿಸಿಕೊಳ್ಳಬೇಕು. ಆದರೆ ನಾನು ಹುಟ್ಟಿ ಬೆಳೆದದ್ದು ಗಣಿಯವರ ಉರಿಗಾಂ ಕ್ವಾರ್ಟರ್ಸಿನಲ್ಲಿ. ಕರೆಂಟು ನಿಂತರೆ ಗಣಿಯ ಕೆಳಗಿದ್ದವರು ಮೇಲೆ ಬರುವಂತಿಲ್ಲ, ಹಾಗಾಗಿ ನಮ್ಮ ಲೈನಿನಲ್ಲಿ ಅದು ನಿಲ್ಲುತ್ತಲೇ ಇರಲಿಲ್ಲ. "ಇದು ಬಂಗಾರಪೇಟೆ ಕಣ್ರೀ. ಮಿಕ್ಸಿ ಪಕ್ಕ ರುಬ್ಬೋ ಕಲ್ಲು ಯಾಕಿಟ್ಟಿದೀನಿ ಅಂದ್ಕೊಂಡ್ರಿ?" ಎಂದಳು ಹೆಂಡತಿ. ಚಟ್ನಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ನಕ್ಕೆ.

ಒಂದು ಮಧ್ಯಾಹ್ನ ಮಾರಿಕುಪ್ಪಂ ರೈಲಿನಲ್ಲಿ ಮುನಿವೆಂಕಟಪ್ಪ ಬಂದ. ಮೂವತ್ತು ವರ್ಷ ಗಣಿಯೊಳಗೆ ಬಂಡೆ ಕೊರೆದವನು, ಎದೆ ತುಂಬ ಧೂಳು. ಸ್ಟೇಷನ್ನಿನಿಂದ ನಮ್ಮ ಮನೆಗೆ ಬರಲು ನಾಲ್ಕು ಕಡೆ ಕೂತಿದ್ದ. ಅವನ ಜೊತೆ ಕೆಲಸ ಮಾಡುತ್ತಿದ್ದ ನಾರಾಯಣಪ್ಪ ಬಂಡೆ ಕುಸಿದು ಸತ್ತಾಗ ಪಕ್ಕದಲ್ಲಿದ್ದವನು ಇವನೊಬ್ಬನೇ. ಗಂಡ ಕೊನೆಗೆ ಏನೆಂದ ಎಂದು ನಾರಾಯಣಪ್ಪನ ಹೆಂಡತಿ ರತ್ನಮ್ಮ ವರ್ಷಗಟ್ಟಲೆ ಕೇಳಿದರೂ ಇವನು ಬಾಯಿ ಬಿಟ್ಟಿರಲಿಲ್ಲ.

"ಅವ್ಳ ಮಕ ನೋಡ್ಕೊಂಡು ಏಳಕ್ಕಾಗ್ಲಿಲ್ಲ ಸಾಮಿ. ನೀವು ಬರ್ಕೊಳ್ಳಿ, ನಾನು ಸತ್ತ ಮ್ಯಾಕೆ ಕೊಡಿ. ಒಂದೇ ಕಿತ ಏಳ್ತೀನಿ. ಇನ್ನೊಂದು ಕಿತಕ್ಕೆ ಉಸಿರೂ ಇಲ್ಲ, ಧೈರ್ಯಾನೂ ಇಲ್ಲ."

ಕೆಮ್ಮಿ ಕೆಮ್ಮಿ ಒಂದು ಗಂಟೆ ಹೇಳಿದ. ಒಂದು ಮಾತೂ ಬಿಡದೆ ಟೈಪ್ ಮಾಡಿದೆ. ನಡುವೆ ಅತ್ತನೆಂದು ಕಾಣುತ್ತದೆ, ನಾನು ಪರದೆ ನೋಡುತ್ತಿದ್ದೆ. ಮುಗಿದಾಗ, "ನೋಡಪ್ಪ, ಎಷ್ಟು ಬೇಗ ಉಳೀತು!" ಎಂದು ಬೀಗುತ್ತಾ ಫ್ಲಾಪಿಗೆ ಕೈಹಾಕಿದೆ. ಫ್ಯಾನು ನಿಧಾನವಾಯಿತು. ಪರದೆ ಕಪ್ಪಾಯಿತು. ಅಡುಗೆಮನೆಯಲ್ಲಿ ಮಿಕ್ಸಿ ನಿಂತು, ರುಬ್ಬುವ ಕಲ್ಲಿನ ಸದ್ದು ಶುರುವಾಯಿತು.

"ಎಲ್ಲಾ ಬಂತಾ ಸಾಮಿ?"

"ಬಂತಪ್ಪ" ಎಂದೆ. ಅವನ ಮುಖ ಅಷ್ಟು ಹಗುರವಾಗಿದ್ದುದನ್ನು ನಾನು ಕಂಡೇ ಇರಲಿಲ್ಲ. ಇನ್ನೊಮ್ಮೆ ಹೇಳು ಎನ್ನುವ ಬದಲು ಒಳಗೆ ಹೋಗಿ ಲೋಟ ತಂದೆ. ಮಜ್ಜಿಗೆ ಕುಡಿದು ಹೋದ. ಆ ಸಂಜೆಯೇ ನೆನಪಿನಿಂದ ಬರೆದುಬಿಡೋಣವೆಂದು ಕೂತರೆ ಒಂದು ಸಾಲೂ ಬರಲಿಲ್ಲ. ನನ್ನ ಬೆರಳು ಕೇಳಿಸಿಕೊಂಡಿತ್ತು, ನಾನು ಕೇಳಿಸಿಕೊಂಡಿರಲಿಲ್ಲ. ಮೇಷ್ಟ್ರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಹದಿನೈದು ದಿನಕ್ಕೆ ಮುನಿವೆಂಕಟಪ್ಪ ತೀರಿಕೊಂಡ.

ತಿಥಿ ಮುಗಿದ ಮೇಲೆ ರತ್ನಮ್ಮ ಬಂದರು. "ಮುನಿಯಣ್ಣ ನಿಮ್ಮತ್ರ ಎಲ್ಲಾ ಬರೆಸವ್ನಂತೆ?" ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಒಂದು ಮಾತಾದ್ರೂ ಗ್ಯಾಪಕ ಐತಾ ಸಾಮಿ?" ಎಂದರು.

ಇದ್ದದ್ದು ಒಂದೇ. ರತ್ನಮ್ಮ ಎಂದು ಟೈಪ್ ಹೊಡೆಯುವಾಗ ಕೀಲಿ ಸಿಕ್ಕಿಕೊಂಡು ನನ್ನ ಸ್ಪೀಡು ಮುರಿದಿತ್ತು. ಆ ಸಿಟ್ಟಿಗೆ ನೆನಪಿತ್ತು. "ನಿಮ್ಮ ಹೆಸರು ಬಂದಿತ್ತಮ್ಮ" ಎಂದೆ.

"ಕೊನೆಗಾಲಕ್ಕೆ ಆಯಪ್ಪ ನನ್ ಎಸ್ರು ಕೂಗ್ದನಾ?" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಹೂಂ ಎಂದೆ. ಆ ಹೆಸರು ಬಂಡೆಯ ಕೆಳಗಿನಿಂದ ಬಂದದ್ದೋ, ಅಥವಾ ಕಾಗದ ಯಾರಿಗೆಂದು ಮುನಿವೆಂಕಟಪ್ಪ ಮೊದಲಿಗೆ ಹೇಳಿದ್ದೋ, ದೇವರಾಣೆಗೂ ಗೊತ್ತಿಲ್ಲ.

ಈಗ ಎರಡು ಸಾಲಿಗೊಮ್ಮೆ ಫ್ಲಾಪಿಗೆ ಇಳಿಸುತ್ತೇನೆ. ಅದು ಗೊರಗೊರ ಎನ್ನುವಷ್ಟು ಹೊತ್ತು ಬರೆದದ್ದನ್ನು ಓದುತ್ತಾ ಕೂರುತ್ತೇನೆ. ಚರಂಡಿ ರಿಪೇರಿಯ ಅರ್ಜಿ, ಕಳೆದುಹೋದ ರೈಲು ಪಾಸಿನ ಅರ್ಜಿ, ಎಲ್ಲವೂ ನನಗೆ ಬಾಯಿಪಾಠವಾಗಿವೆ.