ಇಲ್ಲದ ಭಾವನಿಗೊಂದು ಟ್ಯಾಬು

ನೀರು ಸರಬರಾಜು ಕಚೇರಿಯ ಸ್ಟೋರ್‌ಕೀಪರನಿಗೆ ನಲ್ಲಿ, ವಾಲ್ವು, ವಾಷರುಗಳ ವಿಷಯದಲ್ಲಿ ತಿಳಿಯದ್ದೊಂದೂ ಇರಲಿಲ್ಲ. ಕಣ್ಣು ಮುಚ್ಚಿ ಮುಟ್ಟಿದರೂ ಸಾಕು, ಇದು ಅರ್ಧ ಇಂಚು, ಇದು ಮುಕ್ಕಾಲು ಇಂಚು ಎಂದು ಹೇಳಿಬಿಡುತ್ತಿದ್ದ. ಈ ಪಾಂಡಿತ್ಯವೇ ಅವನಿಗೆ ಮುಳುವಾಯಿತು. ಇವತ್ತು ನಿವೃತ್ತರಾಗುವ ಸಾಹೇಬರಿಗೆ ಉಡುಗೊರೆಯಾಗಿ ಟ್ಯಾಬು ಕೊಡುವುದೆಂದು ತೀರ್ಮಾನವಾದಾಗ ಇಡೀ ಕಚೇರಿ ಒಂದೇ ಬಾಯಿಂದ, "ಸಾಮಾನು ನೋಡಿ ತರೋದು ಸ್ಟೋರ್‌ಕೀಪರ್ ಕೆಲ್ಸ ತಾನೇ? ಅವರೇ ತರ್ಲಿ" ಎಂದುಬಿಟ್ಟಿತು.

ಬೇರೆ ಯಾರಾದರೂ ಆಗಿದ್ದರೆ ಅಂಗಡಿಗೆ ಹೋಗಿ ಕೈಗೆ ಸಿಕ್ಕಿದ್ದನ್ನು ತಂದುಬಿಡುತ್ತಿದ್ದರು. ಇವನಿಗೆ ಆ ಧೈರ್ಯವಿರಲಿಲ್ಲ. ಅವನ ವರ್ಗಾವಣೆ ಅರ್ಜಿ ಸಾಹೇಬರ ಮೇಜಿನ ಮೇಲೆ ಕೂತಿತ್ತು. ಹೆಂಡತಿ, ಮಗಳು, ತಾಯಿ ಮೂವರೂ ಐದು ಗಂಟೆಯ ಬಸ್ಸು ದಾರಿಯಾಚೆ ಇದ್ದರು. ಇವನು ನಾಲ್ಕು ವರ್ಷದಿಂದ ಇಲ್ಲಿ ಒಂದು ಕೋಣೆ, ಒಂದು ಸ್ಟೌ, ಒಂದು ತಟ್ಟೆ ಇಟ್ಟುಕೊಂಡು ಒಂಟಿ ಸಂಸಾರ ಮಾಡುತ್ತಿದ್ದ. ಆ ಊರಿನ ಕಚೇರಿಯಲ್ಲಿ ಜಾಗ ಖಾಲಿಯಿತ್ತು. ಸಾಹೇಬರು ಶಿಫಾರಸು ಬರೆದರೆ ಮುಗಿಯಿತು.

ಆದರೆ ಅವರಿಗೆ ‘ಷರಾ ಸಾಹೇಬರು’ ಎಂಬ ಹೆಸರು ಸುಮ್ಮನೆ ಬಂದಿರಲಿಲ್ಲ. ಕೆಂಪು ಶಾಯಿಯ ಷರಾ ಇಲ್ಲದೆ ಅವರ ಕೋಣೆಯಿಂದ ಒಂದು ಕಾಗದವೂ ಹೊರಗೆ ಬಂದದ್ದಿಲ್ಲ. ಈ ಅರ್ಜಿಯಂತೂ ಏಳು ಸಲ ಒಳಗೆ ಹೋಗಿ ಏಳು ಸಲ ಹಿಂದಿರುಗಿತ್ತು. ತಾಯಿಯ ವಯಸ್ಸಿಗೆ ದಾಖಲೆ ಲಗತ್ತಿಸಿ ಎಂದು ಒಮ್ಮೆ. ನೋಡಿಕೊಳ್ಳಲು ಬೇರೆ ಮಕ್ಕಳಿಲ್ಲವೆಂಬುದಕ್ಕೆ ಪ್ರಮಾಣಪತ್ರ ಕೊಡಿ ಎಂದು ಒಮ್ಮೆ. ಮೊಣಕಾಲು ನೋವು ಎಡಗಾಲಿನದೋ ಬಲಗಾಲಿನದೋ ಸ್ಪಷ್ಟಪಡಿಸಿ ಎಂದು ಮತ್ತೊಮ್ಮೆ. ಎರಡೂ ಕಾಲು ಎಂದು ಬರೆದುಕೊಟ್ಟರೆ, ಮೊದಲು ಯಾವುದು ಎಂಬ ಷರಾ ಬಂತು. ಎಲ್ಲವನ್ನೂ ಒದಗಿಸಿ ಎಂಟನೆಯ ಸಲ ಒಳಗೆ ಕಳಿಸಿದ್ದ. ಇವತ್ತು ಆದರೆ ಆಯಿತು. ಇಲ್ಲವಾದರೆ ಸೋಮವಾರ ಬರುವ ಹೊಸ ಸಾಹೇಬರೊಂದಿಗೆ ಮತ್ತೆ ಎಡಗಾಲಿನಿಂದ ಶುರುಮಾಡಬೇಕು.

ಬೀಳ್ಕೊಡುಗೆ ನಾಲ್ಕು ಗಂಟೆಗೆ, ಅಧಿಕಾರ ಬಿಟ್ಟುಕೊಡುವುದು ಐದಕ್ಕೆ. ಟ್ಯಾಬು ನೋಡಿ ಸಾಹೇಬರ ಮನಸ್ಸು ಬೆಣ್ಣೆಯಾಗಿರುವ ಆ ಒಂದು ಗಂಟೆಯಲ್ಲಿ ಅರ್ಜಿಯ ಮಾತೆತ್ತಬೇಕು ಎಂಬುದು ಸ್ಟೋರ್‌ಕೀಪರನ ಲೆಕ್ಕಾಚಾರ. ಅದಕ್ಕೆ ಟ್ಯಾಬು ಷರಾ ಹಾಕಲಾಗದಂಥದ್ದೇ ಇರಬೇಕಿತ್ತು.

ಬೆಳಗಿನ ಹತ್ತೂವರೆಗೆ ಅಂಗಡಿಗೆಂದು ಹೊರಟವನನ್ನು ಟೈಪಿಸ್ಟ್ ಮೇಡಂ ಬಾಗಿಲಲ್ಲೇ ತಡೆದರು.

"ಪ್ರೊಸೆಸರ್ ನೋಡಿ ತಗೊಳ್ಳಿ, ಮಿಕ್ಕಿದ್ದೆಲ್ಲಾ ಆಮೇಲೆ. ನನ್ನ ಟ್ಯಾಬಲ್ಲಿ ಕಸೂತಿ ಕ್ಲಾಸ್ ನೋಡ್ತಿದ್ದೆ. ಟೀಚರ್ ಸೂಜಿ ಚುಚ್ಚಿದ್ರು ನೋಡಿ, ಅಲ್ಲೇ ನಿಂತ್ಕೊಳ್ತು. ಆ ಸೂಜಿ ಬಟ್ಟೆಯಿಂದ ಆಚೆ ಬರೋ ಹೊತ್ತಿಗೆ ನಮ್ಮನೆ ಹಾಲೆಲ್ಲಾ ಉಕ್ಕಿ ಹೋಗಿತ್ತು!"

"ಪ್ರೊಸೆಸರ್ ಕಟ್ಕೊಂಡು ಏನ್ಮಾಡ್ತೀರಿ?" ಎಂದು ಮೀಟರ್ ರೀಡರ್ ನುಗ್ಗಿದ. "ಸ್ಟೋರೇಜ್ ಇರ್ಬೇಕು ಸ್ಟೋರೇಜು. ಮನೆಮನೆ ಮೀಟರ್ ಫೋಟೋ ಹೊಡೆದೂ ಹೊಡೆದೂ ನನ್ನ ಫೋನು ತುಂಬೋಯ್ತು. ಹಳೇದು ಅಳಿಸ್ಲಾ ಅಂತ ಕೇಳ್ತು, ಹ್ಞೂಂ ಅಂದೆ. ಮದುವೆ ಫೋಟೋ ಅಷ್ಟೂ ಹೋಯ್ತು! ಈಗ ಫೋನಲ್ಲಿ ನಾಲ್ಕು ಸಾವಿರ ಮೀಟರ್ ಇದೆ, ಹೆಂಡ್ತಿ ಒಬ್ಳಿಲ್ಲ."

"ಮನೇಲಿದಾರಲ್ಲ?"

"ಇದಾಳೆ. ಮಾತಾಡ್ತಿಲ್ಲ."

ಜೀಪಿನ ಡ್ರೈವರ್ ನಕ್ಕ. "ಸುಮ್ನಿರ್ರಪ್ಪ. ಪ್ರೊಸೆಸರ್ ಅಂದ್ರೆ ಇಂಜಿನ್ನು, ಸ್ಟೋರೇಜ್ ಅಂದ್ರೆ ಡಿಕ್ಕಿ. ಸಾಹೇಬ್ರು ಇಷ್ಟು ವರ್ಷದಲ್ಲಿ ಜೀಪು ಮೂವತ್ತರ ಮೇಲೆ ಹೋಗೋಕೆ ಬಿಟ್ಟಿಲ್ಲ. ಅವರಿಗ್ಯಾಕೆ ಇಂಜಿನ್ನು? ಚಕ್ರ ಇದ್ರೆ ಸಾಕು!"

"ಅರವತ್ನಾಲ್ಕಂತೆ, ನೂರಿಪ್ಪತ್ತೆಂಟಂತೆ, ಇನ್ನೂರೈವತ್ತಾರಂತೆ," ಎಂದು ಸ್ಟೋರ್‌ಕೀಪರ್ ಬೆವರು ಒರೆಸಿಕೊಂಡ. "ಇದನ್ನ ಇಂಚಲ್ಲಿ ಹೇಳೋಕಾಗಲ್ವಾ?"

ಯಾರೂ ಕೇಳಿಸಿಕೊಳ್ಳಲಿಲ್ಲ. ಇಂಜಿನ್ನು ದೊಡ್ಡದೋ ಡಿಕ್ಕಿ ದೊಡ್ಡದೋ ಎಂಬ ಜಗಳ ತಾರಕಕ್ಕೇರಿತು. "ಟ್ಯಾಬು ಅಂದ್ಮೇಲೆ..." ಎಂದು ಡ್ರೈವರ್ ಗಂಟಲು ಹರಿಯುವಂತೆ ಕೂಗಿದ್ದಕ್ಕೂ ಸಾಹೇಬರ ಬಾಗಿಲು ತೆರೆದುಕೊಂಡದ್ದಕ್ಕೂ ಸರಿಹೋಯಿತು.

ಕಡ್ಡಿಯಂಥ ಮೈ, ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನು. ಷರಾ ಸಾಹೇಬರು ಕನ್ನಡಕದ ಮೇಲಿಂದ ಒಬ್ಬೊಬ್ಬರನ್ನೇ ನೋಡಿದರು.

"ಯಾರಿಗ್ರೀ ಟ್ಯಾಬು?"

ಗುಟ್ಟು ರಟ್ಟಾದರೆ ಉಡುಗೊರೆಯ ಸ್ವಾರಸ್ಯವೇ ಹೋಯಿತು. ಸ್ಟೋರ್‌ಕೀಪರನ ಬಾಯಿಂದ, ಅವನಿಗೇ ಗೊತ್ತಿಲ್ಲದೆ, ಮಾತು ಜಾರಿತು.

"ನಮ್ಮ ಭಾವನಿಗೆ ಸರ್! ಅಕ್ಕನ ಗಂಡ. ಪ್ರೊಸೆಸರ್ ಯಾವುದು, ಸ್ಟೋರೇಜ್ ಎಷ್ಟು ಅಂತ ವಿಚಾರಿಸ್ತಿದ್ವಿ."

ಮೂವರೂ ಒಟ್ಟಿಗೆ ತಲೆಯಾಡಿಸಿದರು. ಬೈಗುಳ ಬೀಳುತ್ತದೆಂದು ಸ್ಟೋರ್‌ಕೀಪರ್ ಭುಜ ಕುಗ್ಗಿಸಿ ನಿಂತ. ಬೀಳಲಿಲ್ಲ. ಸಾಹೇಬರ ಮುಖ ಅರಳಿತು. ಪಾಪ, ಬೆಳಗಿನಿಂದ ಅವರ ಮೇಜು ಹೆಚ್ಚುಕಡಿಮೆ ಖಾಲಿಯಿತ್ತು. ಕಡತವಿಲ್ಲದೆ ಅವರು ನೀರಿನಿಂದ ತೆಗೆದ ಮೀನಾಗಿದ್ದರು.

"ಹೀಗೆ ಬಾಯಿಮಾತಲ್ಲಿ ಯಾರಾದ್ರೂ ಖರೀದಿ ಮಾಡ್ತಾರೇನ್ರೀ? ಒಳಗೆ ಬನ್ನಿ."

ಒಳಗೆ ಹೋಗುತ್ತಿದ್ದಂತೆ ಸಾಹೇಬರು ಹೊಸ ಕಡತವೊಂದನ್ನು ತೆಗೆದು ಅದರ ಮೇಲೆ ದುಂಡಗೆ ಬರೆದರು: ‘ವಿಷಯ: ಸ್ಟೋರ್‌ಕೀಪರರ ಭಾವನಿಗೆ ಟ್ಯಾಬ್ ಖರೀದಿ ಕುರಿತು.’

"ಭಾವನ ವಯಸ್ಸು?"

ಸ್ಟೋರ್‌ಕೀಪರ್ ಎದುರಿಗಿದ್ದ ಮುಖವನ್ನೇ ನೋಡಿದ. ಉತ್ತರಕ್ಕೆ ಬೇರೆಲ್ಲೂ ಹೋಗಬೇಕಾಗಿರಲಿಲ್ಲ. "ಅರವತ್ತು ಸರ್."

"ಉದ್ಯೋಗ?"

"ಈ ತಿಂಗಳೇ ನಿವೃತ್ತಿ ಸರ್."

"ನನ್ನ ಹಾಗೇ! ಎಲ್ಲಿರೋದು?"

ಅವನಿಗೆ ಬೀದಿಬೀದಿಯೂ ಗೊತ್ತಿದ್ದದ್ದು ಒಂದೇ ಊರು. "ನಮ್ಮಮ್ಮನ ಊರಲ್ಲೇ ಸರ್. ನಮ್ಮನೆಯಿಂದ ಎರಡು ಬೀದಿ ಆಚೆ."

"ಹ್ಞೂಂ. ಟ್ಯಾಬಲ್ಲಿ ಏನ್ಮಾಡ್ತಾರೆ?"

"ಪೇಪರ್ ಓದ್ತಾರೆ ಸರ್. ತಪ್ಪು ಕಂಡ್ರೆ ಗುರುತು ಹಾಕ್ತಾರೆ."

ಸಾಹೇಬರ ಪೆನ್ನು ನಿಂತಿತು. "ಯಾವ ಶಾಯೀಲಿ?"

"ಕೆಂಪು ಸರ್."

"ಅಪರೂಪದ ಮನುಷ್ಯ ಕಣ್ರೀ!" ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಅಕ್ಕ ಪುಣ್ಯ ಮಾಡಿದ್ರು."

ಆಮೇಲೆ ಸಾಹೇಬರು ಮೂರು ಅಂಗಡಿಗೆ ಫೋನು ಮಾಡಿಸಿದರು, ಮೂರು ದರಪಟ್ಟಿ ಬರೆಸಿಕೊಂಡರು, ಸ್ಕೇಲು ಹಿಡಿದು ಗೆರೆ ಎಳೆದು ಹೋಲಿಕೆಯ ಪಟ್ಟಿ ಮಾಡಿದರು. ಅಂಗಡಿಯವರು ಹೇಳಿದ ಒಂದೊಂದು ಪ್ರೊಸೆಸರಿನ ಹೆಸರಿಗೂ ಅದು ಹುಟ್ಟಿದ ವರ್ಷ ಕೇಳಿದರು. ಊಟದ ಹೊತ್ತು ಮೀರಿತು. ಸ್ಟೋರ್‌ಕೀಪರನ ಹೊಟ್ಟೆ ಗೊರ್ ಎಂದಿತು. ಅದಕ್ಕೂ ಸಾಹೇಬರು "ಏನಂದ್ರಿ?" ಎಂದರು.

"ನೋಡಿ, ನಮ್ಮ ಕೆಲಸದ ಭಾಷೇಲೇ ಹೇಳ್ತೀನಿ," ಎಂದು ಅವರು ಕುರ್ಚಿಗೊರಗಿದರು. "ಪ್ರೊಸೆಸರ್ ಅಂದ್ರೆ ಪಂಪು, ಸ್ಟೋರೇಜ್ ಅಂದ್ರೆ ಟ್ಯಾಂಕು. ಪೇಪರ್ ಓದೋ ಮನುಷ್ಯನಿಗೆ ಊರಿಗೆಲ್ಲಾ ನೀರೆತ್ತೋ ಪಂಪು ಬೇಡ, ಮಧ್ಯಮದ್ದು ಸಾಕು. ಆದ್ರೆ ಮೂರು ವರ್ಷದ ಹಿಂದಿನ ಪಂಪು ಬೇಡ, ಈಚಿನದೇ ಇರ್ಲಿ. ಇನ್ನು ಟ್ಯಾಂಕು. ಅದು ದೊಡ್ಡದೇ ಬೇಕು."

"ಯಾಕೆ ಸರ್?"

"ಲೋಕದಲ್ಲಿ ತಪ್ಪು ಎಷ್ಟಿದೆ ಅಂದ್ಕೊಂಡಿದೀರಿ? ಅಷ್ಟೂ ಇಟ್ಕೊಳ್ಳೋಕೆ ಜಾಗ ಬೇಡ್ವೇ? ಇನ್ನೂರೈವತ್ತಾರೇ ಇರ್ಲಿ. ಪರದೆ ಮೇಲೆ ಬರೆಯೋ ಪೆನ್ನೂ ಜೊತೆಗಿರ್ಬೇಕು, ಮರೀಬೇಡಿ."

ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ಎರಡೂವರೆ ಆಗಿತ್ತು. ಯಾರಿಗೆ ಉಡುಗೊರೆಯೋ ಅವರಿಂದಲೇ ಆರಿಸಿಕೊಂಡ ಜಾಣತನಕ್ಕೆ ಸ್ಟೋರ್‌ಕೀಪರ್ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡ. ಇದಕ್ಕೆ ಇನ್ನು ಯಾವ ಷರಾ ಹಾಕಿಯಾರು?

ಡ್ರೈವರ್ ಅಭ್ಯಾಸಬಲದಿಂದ ಜೀಪನ್ನು ಮೂವತ್ತರಲ್ಲೇ ಓಡಿಸಿದ. ಹಿಂದೆ ಕೂತ ಮೀಟರ್ ರೀಡರ್ ದಾರಿಯುದ್ದಕ್ಕೂ, "ಅದರ ಮೇಲೆ ಒಂದು ಮೆಮೊರಿ ಕಾರ್ಡೂ ಹಾಕ್ಸೋಣ" ಎಂದು ಗೋಗರೆದ. ಅಂಗಡಿಯವನು ಮೊಹರಿನ ಕಾಗದ ನೋಡಿದ್ದೇ ದಡಬಡಿಸಿ ಎದ್ದು ನಿಂತ, ಎಲ್ಲೋ ತಪಾಸಣೆಗೆ ಬಂದಿದ್ದಾರೆಂದುಕೊಂಡು. "ಇಷ್ಟು ತಿಳ್ಕೊಂಡು ಬಂದ ಗಿರಾಕೀನ ನಾನು ಇದುವರೆಗೂ ನೋಡಿಲ್ಲ ಸ್ವಾಮಿ" ಎಂದು ಚೌಕಾಸಿಗೂ ಕಾಯದೆ ಟ್ಯಾಬು ತಂದಿಟ್ಟ. ಅಷ್ಟರಲ್ಲಿ ಟೈಪಿಸ್ಟ್ ಮೇಡಂ ಫೋನು ಮಾಡಿ ಬಣ್ಣ ಯಾವುದೆಂದು ಕೇಳಿದರು. ಬೂದು ಎಂದದ್ದಕ್ಕೆ ಅಳುವುದೊಂದು ಬಾಕಿ. ಬಣ್ಣದ ಕಾಗದ ಸುತ್ತಿಸಿಕೊಂಡು ಕಚೇರಿ ಸೇರಿದಾಗ ನಾಲ್ಕಕ್ಕೆ ಹತ್ತು ನಿಮಿಷ.

ಸಾಹೇಬರು ಬಾಗಿಲಲ್ಲೇ ನಿಂತಿದ್ದರು. ಕೆಂಪು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದರು. ಸ್ಟೋರ್‌ಕೀಪರ್ ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ನಿಮ್ಮ ಅರ್ಜಿ ವಿಲೇ ಮಾಡ್ಬಿಟ್ಟೆ ಕಣ್ರೀ," ಎಂದರು ನಗುತ್ತಾ. ಅವರು ನಕ್ಕದ್ದನ್ನು ಅವನು ನೋಡಿದ್ದು ಅದೇ ಮೊದಲು. "ಸುಮ್ನೆ ಐದು ಗಂಟೆವರೆಗೂ ಯಾಕೆ ಬಾಕಿ ಇಡೋದು? ಮೂರೂವರೆ ಟಪಾಲಲ್ಲೇ ಕೇಂದ್ರ ಕಚೇರಿಗೆ ಹೋಯ್ತು. ಚಾರ್ಜ್ ಬಿಟ್ಟುಕೊಟ್ಟಿದ್ದಕ್ಕೂ ಸಹಿ ಮಾಡಿಯಾಯ್ತು. ಇನ್ನು ನೀವು ತಾಯಿ ಚಿಂತೆ ಬಿಟ್ಬಿಡಿ."

ಎಂಟನೆಯ ಸಲಕ್ಕೆ! ಷರಾ ಹೊತ್ತು ಹಿಂದಿರುಗದೆ! ಸ್ಟೋರ್‌ಕೀಪರನಿಗೆ ನೆಲ ಕಾಲಿಗೆ ತಾಗುತ್ತಿರಲಿಲ್ಲ. ಪೈಪುಗಳ ಕೋಣೆಗೆ ಓಡಿ ಹೆಂಡತಿಗೆ ಫೋನು ಮಾಡಿದ.

"ಆಯ್ತು ಕಣೇ! ಅರ್ಜಿ ಹೋಯ್ತು!"

"ನಿಜವಾಗ್ಲೂ ಏನ್ರೀ?" ಅವಳು ಅಳುನಗು ಎರಡೂ ಸೇರಿದ ದನಿಯಲ್ಲಿ, "ಇರಿ, ಈಗ್ಲೇ ಬೀರೂನಲ್ಲಿ ಮೇಲಿನ ಅರೆ ಖಾಲಿ ಮಾಡ್ತೀನಿ. ನೀವು ಹೋದಾಗಿಂದ ಅಲ್ಲಿ ಕಂಬಳಿ ತುಂಬಿದೀನಿ" ಎಂದಳು. ಹಿಂದಿನಿಂದ ತಾಯಿಯ ದನಿ ಕೇಳಿತು: "ಕೊನೆಗೆ ಯಾವ ಕಾಲು ಅಂತ ಬರೆದ್ರಂತೆ?"

ಪೈಪುಗಳ ನಡುವೆ ನಿಂತು ಅವನು ಕಣ್ಣೊರೆಸಿಕೊಂಡ. ನಾಲ್ಕು ವರ್ಷದಲ್ಲಿ ಅಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

ಸಮಾರಂಭದಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಅವನೇ. ಸಾಹೇಬರು ಬಣ್ಣದ ಕಾಗದವನ್ನು ಹರಿಯದೆ, ಅಂಟನ್ನು ಉಗುರಿನಿಂದ ಬಿಡಿಸಿ, ಮಡಿಸಿ ಜೇಬಿಗಿಟ್ಟುಕೊಂಡರು. ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದರು.

"ಮಧ್ಯಮ ಪ್ರೊಸೆಸರು. ಇನ್ನೂರೈವತ್ತಾರು. ಜೊತೆಗೆ ಪೆನ್ನು." ತಲೆಯೆತ್ತಿ ನೋಡಿದರು. "ಸ್ಟೋರ್‌ಕೀಪರ್ರೇ, ಇದು ನಿಮ್ಮ ಭಾವನದಲ್ವೇ? ಅವರ ಟ್ಯಾಬು ನಂಗ್ಯಾಕೆ ಕೊಟ್ರಿ?"

ಇಡೀ ಕಚೇರಿ ಗೊಳ್ಳೆಂದು ನಕ್ಕಿತು. ಟೈಪಿಸ್ಟ್ ಮೇಡಂಗೆ ತಡೆಯಲಾಗಲಿಲ್ಲ. "ಅವರಿಗೆ ಯಾವ ಭಾವಾನೂ ಇಲ್ಲ ಸರ್, ಅಕ್ಕಾನೂ ಇಲ್ಲ! ನಿಮಗೆ ಗೊತ್ತಾಗ್ಬಾರ್ದು ಅಂತ ಹಾಗಂದ್ರು. ಇದು ನಿಮಗೇ!"

ಸಾಹೇಬರು ನಗಲಿಲ್ಲ. ಅವರ ಮುಖ ಕಾಗದದಂತೆ ಬೆಳ್ಳಗಾಯಿತು.

"ಅಕ್ಕ ಇಲ್ವೇ?"

"ಇಲ್ಲ ಸರ್," ಎಂದ ಸ್ಟೋರ್‌ಕೀಪರ್ ನಾಚಿಕೊಳ್ಳುತ್ತಾ. "ಪ್ರಮಾಣಪತ್ರ ಕೊಟ್ಟಿದ್ನಲ್ಲ ಸರ್."

"ಕೊಟ್ಟಿದ್ರಿ. ಅದಕ್ಕೇ ತಾಳೆ ಆಗ್ಲಿಲ್ಲ." ಸಾಹೇಬರು ಮೆಲ್ಲನೆ ಕೂತರು. ತಾವು ಬರೆದ ಷರಾ ಅವರಿಗೆ ಎಂದೂ ಮರೆಯುತ್ತಿರಲಿಲ್ಲ. ಒಂದಕ್ಷರ ಬಿಡದೆ ಒಪ್ಪಿಸಿದರು: "‘ಅರ್ಜಿದಾರರಿಗೆ ಒಬ್ಬ ಅಕ್ಕ ಇರುವುದಾಗಿಯೂ, ಆಕೆ ತಾಯಿಯ ಮನೆಯಿಂದ ಎರಡು ಬೀದಿ ಆಚೆ ವಾಸವಿರುವುದಾಗಿಯೂ, ಆಕೆಯ ಪತಿ ನಿವೃತ್ತರಾಗಿ ಬಿಡುವಾಗಿರುವುದಾಗಿಯೂ, ಬಹಳ ಶಿಸ್ತಿನ ಮನುಷ್ಯರೆಂದೂ ಅರ್ಜಿದಾರರೇ ಖುದ್ದು ತಿಳಿಸಿರುತ್ತಾರೆ. ಆದ್ದರಿಂದ ತಾಯಿಯ ಆರೈಕೆಗಾಗಿ ವರ್ಗಾವಣೆಯ ಅಗತ್ಯ ಕಂಡುಬರುವುದಿಲ್ಲ.’"

ಚಪ್ಪಾಳೆಗೆಂದು ಎತ್ತಿದ್ದ ಕೈಗಳು ಎತ್ತಿದಲ್ಲೇ ನಿಂತವು.

"ಸರ್," ಸ್ಟೋರ್‌ಕೀಪರ್ ಗೋಡೆ ಗಡಿಯಾರದತ್ತ ಕೈ ತೋರಿಸಿದ. "ಇನ್ನೂ ಐದು ಗಂಟೆ ಆಗಿಲ್ಲ. ಇನ್ನೊಂದು ಷರಾ..."

"ಚಾರ್ಜ್ ಬಿಟ್ಟುಕೊಟ್ಟಿದೀನಿ ಕಣ್ರೀ. ಈಗ ನಾನು ಬರೆದ್ರೆ ಅದು ಬರೀ ಕೈಬರಹ." ಸಾಹೇಬರಿಗೆ ನಿಜಕ್ಕೂ ಸಂಕಟವಾಗಿತ್ತು. ಏನಾದರೂ ಮಾಡಲೇಬೇಕೆಂದು ಟ್ಯಾಬು ಹೊರತೆಗೆದು, ಡ್ರೈವರನ ಕೈಲಿ ಚಾಲೂ ಮಾಡಿಸಿ, ಪೆನ್ನಿಗೆ ಕೆಂಪು ಬಣ್ಣ ಹಾಕಿಸಿಕೊಂಡರು. "ಸೋಮವಾರ ಹೊಸ ಅರ್ಜಿ ಕೊಡಿ. ಏನೇನು ಲಗತ್ತಿಸ್ಬೇಕು ಅಂತ ಬರೆದುಕೊಡ್ತೀನಿ. ಒಂದು, ಇಲ್ಲದ ಅಕ್ಕ ಇಲ್ಲವೆಂಬುದಕ್ಕೆ ಪ್ರಮಾಣಪತ್ರ. ಎರಡು, ಅವರ ಪತಿಯೂ ಇಲ್ಲವೆಂಬುದಕ್ಕೆ ಇಬ್ಬರು ಸಾಕ್ಷಿ. ಮೂರು..." ಹನ್ನೊಂದರವರೆಗೆ ಬರೆದವರು ಮೆಚ್ಚಿಗೆಯಿಂದ ತಲೆದೂಗಿದರು. "ಪ್ರೊಸೆಸರ್ ಚೆನ್ನಾಗಿದೆ ಕಣ್ರೀ. ಎಲ್ಲೂ ನಿಲ್ಲಲ್ಲ."

"ಸ್ಟೋರೇಜೂ ಬೇಕಾದಷ್ಟಿದೆ ಸರ್," ಎಂದ ಮೀಟರ್ ರೀಡರ್, ಸಮಾಧಾನ ಹೇಳುವವನಂತೆ.

ಸ್ಟೋರ್‌ಕೀಪರನ ಜೇಬಿನಲ್ಲಿ ಫೋನು ಗುಂಯ್ಗುಟ್ಟಿತು. ಅವನು ಆಚೆ ಬಂದ.

"ರೀ, ಅರೆ ಖಾಲಿ ಮಾಡಿ, ಒರೆಸಿ, ಪೇಪರ್ ಹಾಸಿದೀನಿ. ನಿಮ್ಮ ಅಂಗಿ ಎಷ್ಟಿದಾವೆ ಹೇಳಿ."

"ಕಂಬಳಿ ಎಲ್ಲಿಟ್ಟೆ?"

"ಅಟ್ಟದ ಮೇಲೆ. ಯಾಕೆ?"

"ವಾಪಸ್ ಬೀರೂನಲ್ಲೇ ತುಂಬಿಬಿಡು." ಅವನು ಗೋಡೆಯತ್ತ ತಿರುಗಿ ನಿಂತ. "ನಂಗೊಬ್ಳು ಅಕ್ಕ ಹುಟ್ಟಿದಾಳೆ ಕಣೇ. ಇವತ್ತು ಬೆಳಿಗ್ಗೆ ಹತ್ತೂವರೆಗೆ."

ಹೆಂಡತಿ ದನಿ ತಗ್ಗಿಸಿ ಕೇಳಿದಳು:

"ಇದು ಅತ್ತೆಗೆ ಗೊತ್ತೇನ್ರೀ?"