ಮಕ್ತುಂಸಾಬರ ತಡವರಿಕೆ

ಮಾತಿನ ನಡುವೆ ‘ಆಂ’, ‘ಅದೇನೋ’, ‘ಅಂದ್ರ’ ಎಂದು ತಡವರಿಸುವುದಕ್ಕೂ ಒಂದು ಶಾಸ್ತ್ರವಿದೆ ಎಂಬುದು ನಲವತ್ತು ದಾಟುವವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅದಕ್ಕಾಗಿ ಹದಿನೈದು ವರ್ಷ ವಿದ್ಯಾರ್ಥಿಗಳನ್ನು ಬೈಯುತ್ತಿರಲಿಲ್ಲ. ರೋಣದ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನನಗೆ ಆ ವರ್ಷ ಬಡ್ತಿ ಬರಬೇಕಿತ್ತು. ಅದಕ್ಕೆ ಯಾವುದಾದರೂ ಕಾರ್ಯಾಗಾರದಲ್ಲಿ ಪ್ರಬಂಧ ಮಂಡಿಸಿದ ಪ್ರಮಾಣಪತ್ರ ಬೇಕಿತ್ತು. ಅಷ್ಟರಲ್ಲಿ ನರಗುಂದದ ಕಲ್ಯಾಣಮಂಟಪದಲ್ಲಿ ನಡೆಯುವ ‘ಗಣಕ ಅರ್ಥವಿಜ್ಞಾನ ಮತ್ತು ಸಹಜ ಮಾತಿನ ತಡವರಿಕೆ’ ಎಂಬ ಕಾರ್ಯಾಗಾರದ ಸುತ್ತೋಲೆ ಬಂತು. ಮನುಷ್ಯರ ಮಾತಿನ ಅರ್ಥ ಕಂಪ್ಯೂಟರಿಗೆ ತಿಳಿಯಬೇಕಂತೆ. ನಾವು ತಡವರಿಸಿದರೆ ಅದು ಗಲಿಬಿಲಿಗೊಳ್ಳುತ್ತದಂತೆ. ನಮ್ಮ ಕಾಲೇಜಿನ ಏಕೈಕ ಕಂಪ್ಯೂಟರ್ ಪ್ರಾಚಾರ್ಯರ ಕೋಣೆಯಲ್ಲಿ ಕಸೂತಿ ಬಟ್ಟೆ ಹೊದ್ದು ಮಲಗಿತ್ತು. ಅದಕ್ಕೆ ಅರ್ಥವಾಗದೆ ಯಾರ ಕೆಲಸವೂ ನಿಂತದ್ದನ್ನು ನಾನು ಕಂಡಿಲ್ಲ. ಆದರೂ ಹೆಸರು ಕೊಟ್ಟೆ.

ಪ್ರತಿಯೊಬ್ಬರೂ ಊರವರೊಬ್ಬರ ಅರ್ಧ ಗಂಟೆಯ ಸಹಜ ಮಾತನ್ನು ಕ್ಯಾಸೆಟ್ಟಿನಲ್ಲಿ ಹಿಡಿದು, ಒಂದೊಂದು ತಡವರಿಕೆಯನ್ನೂ ಬರೆದು ತರಬೇಕಿತ್ತು. ನಾನು ಗಜೇಂದ್ರಗಡದ ನೇಕಾರ ಮಕ್ತುಂಸಾಬರಿಗೆ ಮೂರು ದಿನ ಮೊದಲೇ ಹೇಳಿ ಕಳಿಸಿದೆ. ಅಲ್ಲೇ ಕೆಟ್ಟಿತು. ದನಿ ಹಿಡಿಯುತ್ತಾರೆಂದರೆ ನಮ್ಮ ಕಡೆ ಯಾರೂ ಹಾಗೇ ಬಂದು ಕೂಡುವುದಿಲ್ಲ. ಮಕ್ತುಂಸಾಬರು ಮಗ್ಗ ನಿಲ್ಲಿಸಿ, ಇಸ್ತ್ರಿ ಅಂಗಿ ತೊಟ್ಟು ಎದ್ದು ನಿಂತಿದ್ದರು.

“ಕುಂತ ಮಾತಾಡ್ರಿ, ಸುಮ್ನ ಮನಿ ಮಾತು” ಎಂದೆ.

“ಕುಂತ್ರ ದನಿ ಹೊಂಡೂದಿಲ್ರಿ ಸರ” ಎಂದವರೇ ‘ಮಾನ್ಯರೇ’ ಎಂದು ಶುರು ಮಾಡಿದರು. ಅರ್ಧ ಗಂಟೆ, ಒಂದು ಕೆಮ್ಮೂ ಇಲ್ಲ. ನಡುವೆ ನಾಚಿಕೆ ಬಿಟ್ಟು, “ಒಂಚೂರು ತಡವರಿಸ್ರಿ” ಎಂದು ಕೈಮುಗಿದೆ. “ಮೂರ ದಿನ ತಯಾರಿ ಮಾಡೇನ್ರಿ, ಯಾಕ ತಡವರಿಸ್ಲಿ?” ಎಂದು ನನ್ನನ್ನೇ ಗದರಿಸಿದರು.

ಬಡ್ತಿಯ ಆಸೆ ಕೆಟ್ಟದ್ದು. ಮನೆಗೆ ಬಂದು ಅವರ ಚೊಕ್ಕ ಮಾತಿಗೆ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಅಲ್ಲಲ್ಲಿ ‘ಆಂ’, ‘ಅದೇನೋ’ ಉದುರಿಸಿದೆ. ಕಾರ್ಯಾಗಾರದಲ್ಲಿ ಅದನ್ನು ಓದಿದಾಗ ದೂರದಿಂದ ಬಂದಿದ್ದ ತಜ್ಞರು ಕುಣಿದಾಡುವುದೊಂದು ಬಾಕಿ. “ಗಮನಿಸಿ, ‘ಮಗ್ಗ’ ಎನ್ನುವ ಮುಂಚೆ ಪ್ರತಿಸಲ ತಡೆಯುತ್ತಾರೆ. ವೃತ್ತಿಯ ಆಳವಾದ ಸಂಕಟ ಇಲ್ಲಿದೆ!” ಎಂದು ಹಲಗೆಯ ತುಂಬ ಬಾಣಗಳನ್ನು ಬರೆದರು. ಆ ಪದದ ಹಿಂದೆ ಹಾಳೆಯಲ್ಲಿ ಜಾಗ ಉಳಿದಿತ್ತು, ಸಂಕಟ ಅಷ್ಟೇ. ತಜ್ಞರಿಗೆ ಬಾಣ ಬರೆಯಲು ಇಷ್ಟು ಸಾಕೆಂದು ತಿಳಿದಿದ್ದರೆ ನಾನು ಗಜೇಂದ್ರಗಡದ ಬಸ್ಸು ಹತ್ತುತ್ತಲೇ ಇರಲಿಲ್ಲ.

ಆದರೆ ಸಂಘಟಕರು ಶಾಲು ಹೊದಿಸಲೆಂದು ಕ್ಯಾಸೆಟ್ಟಿಗೆ ದನಿ ಕೊಟ್ಟ ಮಾತುಗಾರರನ್ನೂ ಕರೆಸಿದ್ದರು. ಮುಂದಿನ ಸಾಲಿನಲ್ಲಿ ನಾಲ್ವರು ನೇಕಾರರೊಂದಿಗೆ ಕುಳಿತಿದ್ದ ಮಕ್ತುಂಸಾಬರು ಎದ್ದರು.

“ಸರ, ನಾ ಎಲ್ಲಿ ತಡವರಿಸೇನ್ರಿ? ಬರೂ ವಾರ ನೇಕಾರರ ಪರವಾಗಿ ಸರಕಾರದ ಸಾಹೇಬ್ರ ಮುಂದ ಮಾತಾಡಾಂವ ನಾನು. ಇವ್ರೆಲ್ಲಾ ಕೇಳಾಕತ್ತಾರ. ಹಿಂಗಂದ್ರ ಇನ್ನ ನನ್ನ ಯಾರ್ ಕಳಸ್ತಾರ? ಖರೇ ಹೇಳ್ರಿ.”

ಜೊತೆಗಿದ್ದವರಲ್ಲಿ ಒಬ್ಬ ಆಗಲೇ ಅವರ ಮುಖವನ್ನು ಅನುಮಾನದಿಂದ ನೋಡುತ್ತಿದ್ದ. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆ ಮನುಷ್ಯನ ಆಸ್ತಿಯೆಂದರೆ ಮಾತು; ಅದಕ್ಕೇ ನಾನು ಕೈ ಹಾಕಿದ್ದೆ.

“ಅದು... ಆಂ... ಏನಾಗೇತಿ ಅಂದ್ರ... ಕ್ಯಾಸೆಟ್ಟು... ಅಲ್ಲ, ಅದೇನೋ... ನಾನಽ ಬರದೇನ್ರಿ” ಎಂದೆ. ಒಪ್ಪಿಕೊಂಡು ಕ್ಯಾಸೆಟ್ ಹಾಕಿದೆ. ಮಕ್ತುಂಸಾಬರ ದನಿ ಮಂಟಪದ ತುಂಬ ಒಂದೇ ಸಮನೆ ಹರಿಯಿತು. ನೇಕಾರರು ಚಪ್ಪಾಳೆ ತಟ್ಟಿದರು, ಅನುಮಾನದವನು ಎಲ್ಲರಿಗಿಂತ ಜೋರಾಗಿ.

ತಜ್ಞರಿಗಾದರೂ ಮುಖಭಂಗವಾದೀತೆಂದು ನೋಡಿದರೆ, ಅವರು ಸಭೆಯ ಮಾತನ್ನೆಲ್ಲ ಹಿಡಿದಿದ್ದ ತಮ್ಮ ರೆಕಾರ್ಡರನ್ನು ಕಿವಿಗೆ ಹಿಡಿದು ನನ್ನ ತಪ್ಪೊಪ್ಪಿಗೆಯನ್ನೇ ಮತ್ತೆ ಮತ್ತೆ ಕೇಳುತ್ತಿದ್ದರು. ಹಲಗೆಯ ಬಾಣಗಳನ್ನು ಅಳಿಸಲಿಲ್ಲ. ‘ಮಗ್ಗ’ ಒರೆಸಿ ‘ಕ್ಯಾಸೆಟ್ಟು’ ಎಂದು ಬರೆದರು. ಸಂಜೆ ನನಗೆ ಸಿಕ್ಕ ಪ್ರಮಾಣಪತ್ರದಲ್ಲಿ ‘ಪ್ರಬಂಧ ಮಂಡಿಸಿದವರು’ ಎಂಬುದಕ್ಕೆ ಗೀಟು ಎಳೆದು ‘ಉತ್ತಮ ಮಾದರಿ ಮಾತುಗಾರರು’ ಎಂದು ಬರೆದಿತ್ತು. ಪ್ರಾಚಾರ್ಯರು ಅದನ್ನು ಎರಡು ಸಲ ಓದಿ, ಬಡ್ತಿಯ ಕಡತದ ಹೊರಗಿಟ್ಟರು.

“ಇರ್ಲಿ ಬಿಡ್ರಿ, ಇಷ್ಟ ವರ್ಷಕ್ಕ ನೀವು ಮಾತಾಡಿದ್ದನ್ನ ಒಬ್ರರ ಬರಕೊಂಡ್ರಲ್ಲ” ಎಂದರು.