ಸುತ್ತೋಲೆ ಹೊತ್ತ ಕಿಟಕಿಗೆ

ಮಾನ್ಯ ಕಿಟಕಿಯವರೇ,

ದಾಖಲೆ ವಿಭಾಗದ ಏಕೈಕ ಕಿಟಕಿಯಾದ ತಮಗೆ, ಪಕ್ಕದ ಮೇಜಿನಲ್ಲಿ ಕಚೇರಿಯ ಮೊಹರು ಕಾಯುವ ಗುಮಾಸ್ತನ ವಿನಯಪೂರ್ವಕ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ, ನಾವು ಕೆಮ್ಮುತ್ತಿದ್ದೇವೆ.

'ಉಸಿರಿನ ಸೋಂಕು ಹರಡದಂತೆ ಕಿಟಕಿಗಳನ್ನು ಸದಾ ತೆರೆದಿಡತಕ್ಕದ್ದು' ಎಂಬ ಸುತ್ತೋಲೆಯನ್ನು, ಎಲ್ಲರ ಕಣ್ಣಿಗೂ ಬೀಳಲೆಂದು ನಮ್ಮ ಸಾಹೇಬರು ಕಿಟಕಿಯವರಾದ ತಮ್ಮ ಎರಡೂ ಕದಗಳಿಗೆ ಅಡ್ಡಲಾಗಿ ಅಂಟಿಸಿ, ಸರಿಯಾಗಿ ನಡುವೆ ಮೊಹರು ಒತ್ತಿಸಿದ ದಿನದಿಂದ ತಾವು ತೆರೆದುಕೊಂಡಿಲ್ಲ. ತೆರೆದರೆ ಕಾಗದ ಹರಿಯುತ್ತದೆ, ತೆರೆಯದಿದ್ದರೆ ಕಾಗದದ ಮಾತು ಮುರಿಯುತ್ತದೆ. ತಾವು ಮಾತು ಬಿಟ್ಟು ಕಾಗದದ ಮಾನ ಕಾಪಾಡಿದ್ದೀರಿ, ಇಷ್ಟು ಪಕ್ವವಾದ ಕಚೇರಿಬುದ್ಧಿ ನನಗೆ ಈ ವಯಸ್ಸಿಗೂ ಬಂದಿಲ್ಲ. ಬಿಡಿಸಿ ಗೋಡೆಗೆ ಅಂಟಿಸೋಣವೇ ಎಂದು ಕೇಳಿದ್ದಕ್ಕೆ ಸಾಹೇಬರು ನನ್ನ ಮುಖಕ್ಕೇ ಕೆಮ್ಮಿ, "ಮೊಹರಿರೋ ಕಾಗದ ಹರಿದ್ರೆ ಕೆಲಸ ಹೋಗುತ್ತೆ ಕಣ್ರೀ" ಎಂದರು. ಜ್ವರ ಬಂದರೂ ರಜೆ ಹಾಕದ ನಿಷ್ಠೆ ಅವರದು; ಅವರ ಮಾಸ್ಕು ಡ್ರಾಯರಿನೊಳಗೆ ಸುರಕ್ಷಿತವಾಗಿದೆ. ಅವರ ಕೆಮ್ಮು ಮೊದಲು ಟೈಪಿಸ್ಟಮ್ಮನಿಗೆ, ಅಲ್ಲಿಂದ ಜವಾನನಿಗೆ, ಆಮೇಲೆ ನನಗೆ ಬಂದು ಸೇರಿದೆ. ನಮ್ಮಲ್ಲಿ ಯಾವ ಕಡತವೂ ಇಷ್ಟು ಬೇಗ ಮೇಜು ದಾಟಿದ್ದಿಲ್ಲ.

ನನ್ನ ಮಗಳು ದಿನ ತುಂಬುವ ಮೊದಲೇ ಹೆತ್ತಿದ್ದಾಳೆ. ಮಗುವಿನ ಉಸಿರು ಇನ್ನೂ ನಾಜೂಕು. "ಅಪ್ಪಾ, ಕೆಮ್ಮು ಹೋಗೋ ತನಕ ಒಳಗೆ ಬರಬೇಡಿ" ಎಂದವಳು ಮೊಮ್ಮಗಳನ್ನು ಗಾಜಿನ ಆಚೆಯಿಂದ ಎತ್ತಿ ತೋರಿಸುತ್ತಾಳೆ. ಅಲ್ಲಿಯೂ ನಡುವೆ ನಿಂತವರು ತಮ್ಮ ಕುಲದವರೇ, ಆದರೆ ಅವರು ಮುಚ್ಚಿರುವುದಕ್ಕೆ ಕಾರಣವಿದೆ. ಆ ಕೂಸನ್ನು ನಾನಿನ್ನೂ ಮುಟ್ಟಿಲ್ಲ, ಅದು ನನಗೆ ಬಹಳ ಸಂಕಟ.

ಆದಕಾರಣ ತಾವು ದಯಮಾಡಿ ಹಾವೂ ಸಾಯದಂತೆ, ಕೋಲೂ ಮುರಿಯದಂತೆ, ಮೊಹರಿಗೆ ಧಕ್ಕೆಯಾಗದಂತೆ ತೆರೆದುಕೊಳ್ಳಬೇಕು. ಅದು ಕಷ್ಟವಾದಲ್ಲಿ ಕದಗಳನ್ನು ಮುಚ್ಚಿಕೊಂಡೇ ಗೋಡೆಯನ್ನು ತುಸು ಪಕ್ಕಕ್ಕೆ ಸರಿಸಿಕೊಡಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಮೂರನೇ ಮೇಜಿನ ಕೆಮ್ಮು

ತಾ.ಕ.: ಇದು ಬಹಿರಂಗ ಪತ್ರವಾದ್ದರಿಂದ, ಎಲ್ಲರ ಕಣ್ಣಿಗೂ ಬೀಳಲೆಂದು ಸಾಹೇಬರ ಕೊಠಡಿಯ ಎರಡೂ ಕದಗಳಿಗೆ ಅಡ್ಡಲಾಗಿ ಅಂಟಿಸಿ, ಸರಿಯಾಗಿ ನಡುವೆ ಮೊಹರು ಒತ್ತಿದ್ದೇನೆ. ಸಾಹೇಬರು ಒಳಗಿದ್ದಾರೆ. ನಿಯಮದ ಮನುಷ್ಯ, ಹರಿಯಲಾರರು. ಕೆಮ್ಮು ಮುಗಿಯುವವರೆಗೆ ಮನೆಯಲ್ಲಿರಲು, ಮುಗಿದ ಮೇಲೆ ಮೊಮ್ಮಗಳನ್ನು ಎತ್ತಿಕೊಳ್ಳಲು ಬರೆದ ನನ್ನ ರಜೆ ಅರ್ಜಿಯನ್ನು ಬಾಗಿಲ ಸಂದಿಯಿಂದ ಅವರಿಗೆ ತಲುಪಿಸಿದ್ದೇನೆ.